ಕರಪತ್ರದ ಕೊನೆಯ ಸಾಲು ಮೊಬೈಲ್ ಪೋಸ್ಟರಿಗೂ ಬರಲಿ: ಜಿಲ್ಲಾ ಚುನಾವಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಚುನಾವಣಾಧಿಕಾರಿಗಳು,
ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳು

ವಿಷಯ: ಚುನಾವಣೆ ಕಾಲದಲ್ಲಿ ಮೊಬೈಲ್‌ನಲ್ಲಿ ನಡೆಯುವ ಪ್ರಚಾರಕ್ಕೆ ಹೆಸರು, ಲೆಕ್ಕ ಮತ್ತು ಹೊಣೆ ನಿಗದಿ ಮಾಡುವ ಬಗ್ಗೆ

ಮಾನ್ಯರೇ,

ಚುನಾವಣೆ ಘೋಷಣೆಯಾಗುತ್ತಿದ್ದಂತೆ ತಮ್ಮ ಕಚೇರಿಯಿಂದ ಪ್ರಿಂಟಿಂಗ್ ಪ್ರೆಸ್ ಮಾಲೀಕರ ಸಭೆಗೆ ಕರೆ ಬರುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆ 1951ರ ಕಲಂ 127ಎ ಅನ್ನು ಅಲ್ಲಿ ಓದಿ ಹೇಳುತ್ತಾರೆ. ಕರಪತ್ರ ಇರಲಿ, ಗೋಡೆಗೆ ಅಂಟಿಸುವ ಪೋಸ್ಟರ್ ಇರಲಿ, ಅದರ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅಚ್ಚಿಗೆ ಕೊಡುವವನು ತಾನು ಯಾರೆಂದು ಬರೆದು ಸಹಿ ಮಾಡಿದ ಘೋಷಣೆಯನ್ನು ಎರಡು ಪ್ರತಿಯಲ್ಲಿ ಕೊಡಬೇಕು. ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಸಹಿ ಹಾಕಬೇಕು. ಅಚ್ಚಾದ ಮೂರು ದಿನದೊಳಗೆ ಕರಪತ್ರದ ನಾಲ್ಕು ಪ್ರತಿ, ಆ ಘೋಷಣೆ, ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಹಣ ಪಡೆದದ್ದು ಎಂಬ ವಿವರ ಜಿಲ್ಲಾಧಿಕಾರಿ ಕಚೇರಿ ತಲುಪಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮುದ್ರಣ ಕಾಶಿ ಎನಿಸಿಕೊಂಡ ಗದಗ-ಬೆಟಗೇರಿಯಲ್ಲಿ, ಹುಬ್ಬಳ್ಳಿಯ ಓಣಿಗಳಲ್ಲಿ, ಹಾವೇರಿ, ರಾಣೆಬೆನ್ನೂರಿನಲ್ಲಿ ಈ ಕೆಲಸ ಮಾಡುವವರಿಗೆ ಈ ನಿಯಮ ಬಾಯಿಪಾಠ. ಅದರ ಬಗ್ಗೆ ನಮ್ಮ ತಕರಾರಿಲ್ಲ. ಕರಪತ್ರದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಒಂದು ಸಾಲು ಎಷ್ಟೋ ಸುಳ್ಳುಗಳನ್ನು ಅಚ್ಚಿನ ಮನೆಯ ಹೊಸ್ತಿಲಲ್ಲೇ ತಡೆದಿದೆ. ಎದುರಾಳಿಯ ಮನೆತನದ ಬಗ್ಗೆ ಹೊಲಸು ಬರೆದು ತಂದವನಿಗೆ "ಕೆಳಗೆ ನಿಮ್ಮ ಹೆಸರು ಹಾಕಬೇಕಾಗತೈತಿ" ಅಂದರೆ ಸಾಕು, ಹಾಳೆ ಮಡಚಿ ಕಿಸೆಗೆ ಹಾಕಿಕೊಂಡು ಹೋಗುತ್ತಾನೆ. ಅಲ್ಲಿಂದ ಅವನು ಎಲ್ಲಿಗೆ ಹೋಗುತ್ತಾನೆ ಎಂಬುದೇ ಈ ಪತ್ರದ ವಿಷಯ.

ಅವನು ದೂರ ಹೋಗಬೇಕಾಗಿಲ್ಲ. ಕರಪತ್ರಕ್ಕೂ ಮೊಬೈಲ್ ಪೋಸ್ಟರಿಗೂ ಇರುವುದು ಅದೇ ಡಿಟಿಪಿ ಕಂಪ್ಯೂಟರ್, ಅದೇ ಕೋರಲ್ ಡ್ರಾ, ಅದೇ ನುಡಿ ಅಕ್ಷರ, ಅದೇ ಫೋಟೊ. ಕಡತವನ್ನು ಪಿಡಿಎಫ್ ಮಾಡಿದರೆ ಪ್ಲೇಟಿಗೆ ಹೋಗುತ್ತದೆ, ಜೆಪೆಗ್ ಮಾಡಿದರೆ ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ. ಪಿಡಿಎಫ್ ದಾರಿಯಲ್ಲಿ ಇಬ್ಬರು ಸಾಕ್ಷಿಗಳು, ನಾಲ್ಕು ಪ್ರತಿ, ಜಿಲ್ಲಾಧಿಕಾರಿಗಳ ಕಚೇರಿ ಎಲ್ಲ ಇವೆ. ಜೆಪೆಗ್ ದಾರಿಯಲ್ಲಿ ಕೇಳುವವರೇ ಇಲ್ಲ.

ಎರಡರ ಅಳತೆಯನ್ನೂ ನೋಡಿ. ಒಂದು ರೀಮು ಡೆಮಿ ಕಾಗದವೆಂದರೆ 500 ಹಾಳೆ. ಎಂಟು ತುಂಡು ಮಾಡಿದರೆ 4,000 ಕರಪತ್ರ. ಅದಕ್ಕೆ ಕಾಗದ, ಪ್ಲೇಟು, ಮಷಿನ್, ಕಟಿಂಗ್, ಕೊನೆಗೆ ಮನೆಮನೆಗೆ ಹಂಚುವ ಹುಡುಗರ ಕೂಲಿ. ಇತ್ತ ವಾಟ್ಸ್‌ಆ್ಯಪ್‌ನ ಒಂದು ಗುಂಪಿನಲ್ಲಿ 1,024 ಜನರವರೆಗೆ ಸೇರಬಹುದು. ತುಂಬಿದ ನಾಲ್ಕು ಗುಂಪು ಸಿಕ್ಕರೆ ಒಂದು ರೀಮಿನ ಕರಪತ್ರ ಹಂಚಿದಷ್ಟೇ ಆಯಿತು, ಅದೂ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ. 4,000ಕ್ಕೆ ಹೆಸರು ಕೇಳುವ ಕಾನೂನು 40,000ಕ್ಕೆ ಕೇಳದಿರುವುದು ನ್ಯಾಯವಲ್ಲ.

ಇನ್ನೊಂದು ಮಾತನ್ನು ತಮ್ಮ ಗಮನಕ್ಕೆ ತರಬೇಕು. 1961ರಲ್ಲಿ ಸೇರಿಸಿದ ಈ 127ಎ ಕಲಂನಲ್ಲೇ 'ಮುದ್ರಣ' ಎಂದರೆ ಏನು ಎಂಬ ವಿವರಣೆ ಇದೆ. ಕೈಯಿಂದ ನಕಲು ಮಾಡುವುದನ್ನು ಬಿಟ್ಟು, ದಾಖಲೆಯೊಂದರ ಪ್ರತಿಗಳನ್ನು ಹೆಚ್ಚಿಸುವ ಯಾವುದೇ ವಿಧಾನವನ್ನು ಮುದ್ರಣವೆಂದೇ ಭಾವಿಸಬೇಕು ಎನ್ನುತ್ತದೆ ಅದು. ಮೊಬೈಲ್ ಫೋನ್ ಇಲ್ಲದ ಕಾಲದಲ್ಲಿ ಬರೆದ ಮಾತು, ಆದರೆ ಬರೆದವರು ಬಾಗಿಲನ್ನು ಅಗಲವಾಗಿಯೇ ಇಟ್ಟಿದ್ದಾರೆ. ಅದೇ ಕಲಂನಲ್ಲಿ 'ಕರಪತ್ರ' ಎಂಬುದಕ್ಕೆ 'ಮುದ್ರಿತ' ಎಂಬ ವಿಶೇಷಣ ಇರುವುದರಿಂದ ವಾದಕ್ಕೆ ಎಡೆಯಿದೆ ಎಂಬುದು ನಮಗೂ ಗೊತ್ತು. ಹಾಗಾಗಿಯೇ, ಫಾರ್ವರ್ಡ್ ಆಗುವ ಪೋಸ್ಟರಿಗೆ ಈ ಕಲಂ ಅನ್ವಯಿಸುತ್ತದೆಯೋ ಇಲ್ಲವೋ ಎಂದು ಮುಖ್ಯ ಚುನಾವಣಾಧಿಕಾರಿಗಳ ಮೂಲಕ ಭಾರತ ಚುನಾವಣಾ ಆಯೋಗದಿಂದ ಲಿಖಿತ ಸ್ಪಷ್ಟನೆ ತರಿಸಿ ಎಂದು ಕೇಳುತ್ತಿದ್ದೇವೆ. ಮುದ್ರಕರಿಗೆ ಪ್ರತಿ ಸಲ ಓದಿ ಹೇಳುವ ಕಲಂ ಅದು, ಅದರ ಪೂರ್ತಿ ಅರ್ಥ ಎಲ್ಲರಿಗೂ ತಿಳಿಯಲಿ.

ಆಯೋಗ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಒಪ್ಪಬೇಕು. 2013ರ ಅಕ್ಟೋಬರ್ 25ರ ಸೂಚನೆಯಲ್ಲಿ ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಹೇಳಬೇಕು ಎಂದಿತು. ಇಂಟರ್‌ನೆಟ್ ಜಾಹೀರಾತಿಗೂ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿಯ ಪೂರ್ವಾನುಮತಿ ಬೇಕು ಎಂದಿತು. ಕಂಪನಿಗಳಿಗೆ ಕೊಟ್ಟ ಹಣ ಮಾತ್ರವಲ್ಲ, ವಿಡಿಯೊ ತಯಾರಿಸಿದ ಖರ್ಚು, ಖಾತೆ ನೋಡಿಕೊಳ್ಳುವವರ ಸಂಬಳ ಕೂಡ ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕು ಎಂದಿತು. ಬರೆದದ್ದರಲ್ಲಿ ಕೊರತೆ ಕಡಿಮೆ.

ಆದರೆ ಆಯೋಗದ ಸೂಚನೆಗಳಲ್ಲಿ ಒಂದು ಕಿಂಡಿ ಉಳಿಯಿತು. ಪಕ್ಷ ಅಥವಾ ಅಭ್ಯರ್ಥಿ ತನ್ನ ಖಾತೆಯಲ್ಲಿ ಹಾಕಿಕೊಂಡ ಬರಹ, ಫೋಟೊ, ವಿಡಿಯೊ ಜಾಹೀರಾತಲ್ಲ, ಅದಕ್ಕೆ ಪೂರ್ವಾನುಮತಿ ಬೇಡ ಎಂದಿದೆ. ಸಾಮಾನ್ಯ ನಾಗರಿಕನ ಮಾತಿಗೆ ಅಡ್ಡಿಯಾಗಬಾರದು ಎಂಬ ಒಳ್ಳೆಯ ಕಾರಣವೂ ಅದಕ್ಕಿದೆ. ಈಗ ಆಗುತ್ತಿರುವುದು ಇಷ್ಟು. ಒಂದು ರೀಲ್‌ಗೆ 5,000 ರೂಪಾಯಿ ಕೊಟ್ಟು ಫೇಸ್‌ಬುಕ್‌ನಲ್ಲಿ 'ಬೂಸ್ಟ್' ಮಾಡಿದರೆ ಅನುಮತಿ ಬೇಕು. ಅದೇ ರೀಲನ್ನು ದಿನಗೂಲಿಗೆ ಕುಳಿತ ಐವತ್ತು ಹುಡುಗರು ತಮ್ಮತಮ್ಮ ಖಾತೆಯಿಂದ ಹಾಕಿದರೆ ಅದು ಅವರ ಸ್ವಂತ ಅಭಿಪ್ರಾಯವಾಗುತ್ತದೆ. ಹಣ ಎರಡರಲ್ಲೂ ಖರ್ಚಾಗಿದೆ. ಒಂದರದ್ದು ಕಂಪನಿಯ ಜಾಹೀರಾತು ಸಂಗ್ರಹದಲ್ಲಿ ಕಾಣುತ್ತದೆ, ಇನ್ನೊಂದರದ್ದು ಎಲ್ಲೂ ಕಾಣುವುದಿಲ್ಲ. ಆ ಸಂಗ್ರಹದಲ್ಲೂ ಖರ್ಚು 'ಇಷ್ಟರಿಂದ ಇಷ್ಟರವರೆಗೆ' ಎಂದು ಅಂದಾಜಿನಲ್ಲಿ ಬರುತ್ತದೆ, ನೋಡಿದವರ ಲೆಕ್ಕ ರಾಜ್ಯದ ಮಟ್ಟದಲ್ಲಿ ಬರುತ್ತದೆ. ಕುಂದಗೋಳಕ್ಕೆ ಎಷ್ಟು, ಹಾನಗಲ್ಲಿಗೆ ಎಷ್ಟು ಎಂದು ಅದರಿಂದ ತಿಳಿಯುವುದಿಲ್ಲ.

ಖರ್ಚಿನ ಮಾತು ಬಂದದ್ದರಿಂದ ಇಲ್ಲೇ ಸ್ವಲ್ಪ ನಿಲ್ಲುತ್ತೇವೆ, ತಾವು ನಾಳೆಯೇ ಮಾಡಬಹುದಾದ ಕೆಲಸ ಇಲ್ಲಿದೆ. ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಇದನ್ನು ಹಿಡಿಯಲು ತಮ್ಮ ಕಚೇರಿ ಪಕ್ಷಗಳನ್ನು ಕರೆದು ದರಪಟ್ಟಿ ನಿಗದಿ ಮಾಡುತ್ತದೆ. ಶಾಮಿಯಾನ, ಖುರ್ಚಿ, ಮೈಕು, ಹೂವಿನ ಹಾರ, ಚಹಾ, ಉಪ್ಪಿಟ್ಟು, ಬಾಡಿಗೆ ಜೀಪು, ಎಲ್ಲಕ್ಕೂ ದರ ಇದೆ. ಸಭೆ ನಡೆದರೆ ವಿಡಿಯೊ ತಂಡ ಬಂದು ಚಿತ್ರೀಕರಿಸುತ್ತದೆ. ಇನ್ನೊಂದು ತಂಡ ಅದನ್ನು ನೋಡಿ ಖುರ್ಚಿ ಎಣಿಸುತ್ತದೆ, ವಾಹನ ಎಣಿಸುತ್ತದೆ, ದರಪಟ್ಟಿಯ ಪ್ರಕಾರ ಗುಣಿಸಿ ಕಚೇರಿಯದೇ ಲೆಕ್ಕದ ಪುಸ್ತಕವಾದ ಶ್ಯಾಡೋ ರಿಜಿಸ್ಟರ್‌ನಲ್ಲಿ ಬರೆಯುತ್ತದೆ. ಅಭ್ಯರ್ಥಿಯ ಬಿಳಿ, ಗುಲಾಬಿ, ಹಳದಿ ಹಾಳೆಗಳ ಲೆಕ್ಕವನ್ನು ಅದರೊಂದಿಗೆ ತಾಳೆ ನೋಡುತ್ತಾರೆ. ಬಹಳ ಗಟ್ಟಿ ವ್ಯವಸ್ಥೆ ಇದು.

ಆದರೆ ಆ ಸಭೆಯ ಮೇಲೆ ಹಾರಿದ ಡ್ರೋನ್, ಅದನ್ನು ರಾತ್ರೋರಾತ್ರಿ ಕತ್ತರಿಸಿ ಹಾಡು ಕೂರಿಸಿ 30 ಸೆಕೆಂಡಿನ ರೀಲ್ ಮಾಡಿದವನ ಕೂಲಿ, ಅದನ್ನು ಲಕ್ಷ ಜನ ಹಿಂಬಾಲಿಸುವ ಸ್ಥಳೀಯ ಪೇಜ್‌ನಲ್ಲಿ ಹಾಕಿಸಿದ ಹಣ ದರಪಟ್ಟಿಯಲ್ಲಿ ಎಲ್ಲಿವೆ? ಖುರ್ಚಿಯ ಬಾಡಿಗೆ ಲೆಕ್ಕಕ್ಕೆ ಸಿಗುತ್ತದೆ, ಖುರ್ಚಿ ತುಂಬಿದಂತೆ ತೋರಿಸಿದ ರೀಲಿನದ್ದು ಸಿಗುವುದಿಲ್ಲ. ದರಪಟ್ಟಿಗೆ ಈ ಬಾಬತ್ತುಗಳು ಸೇರಲಿ: ಡಿಜಿಟಲ್ ಪೋಸ್ಟರ್ ಒಂದಕ್ಕೆ, ರೀಲ್ ಒಂದಕ್ಕೆ, ಡ್ರೋನ್ ಗಂಟೆಗೆ, ನೇರಪ್ರಸಾರ ಗಂಟೆಗೆ, ಹಾಡು ಬರೆಸಿ ಹಾಡಿಸಿದ್ದಕ್ಕೆ, ಎಐ ಧ್ವನಿ ಅಥವಾ ವಿಡಿಯೊ ಮಾಡಿಸಿದ್ದಕ್ಕೆ, ಪೇಜ್ ನಡೆಸುವವನಿಗೆ ತಿಂಗಳಿಗೆ, ಹಣ ಪಡೆದು ಹಾಕಿದ ಪೋಸ್ಟ್‌ಗೆ. ಪೇಟೆಯಲ್ಲಿ ಈ ಎಲ್ಲದಕ್ಕೂ ದರ ಇದೆ, ಕೇಳಿದರೆ ಯಾರಾದರೂ ಹೇಳುತ್ತಾರೆ. ಪಟ್ಟಿಯಲ್ಲಿ ಇಲ್ಲ ಅಷ್ಟೇ.

'ಅಭಿಮಾನಿ ಬಳಗ' ಎಂಬ ಹೆಸರಿನ ಪೇಜ್‌ಗಳ ವಿಷಯದಲ್ಲಿ ಅಧಿಕಾರಿಗಳು ಸಾಮಾನ್ಯವಾಗಿ ಕೈಚೆಲ್ಲುತ್ತಾರೆ. "ಅದು ಅಭ್ಯರ್ಥಿಯದ್ದಲ್ಲ" ಎಂಬ ಉತ್ತರ ಬರುತ್ತದೆ. ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಅಭ್ಯರ್ಥಿ ಒಪ್ಪಿ ಮಾಡಿಸಿದ ಖರ್ಚಾದರೆ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 77ರಂತೆ ಅವರ ಲೆಕ್ಕಕ್ಕೆ ಸೇರಬೇಕು. ಅವರ ಲಿಖಿತ ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಖರ್ಚು ಮಾಡಿದ್ದಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 176ರಂತೆ ಮಾಡಿದವನ ಮೇಲೆ ಪ್ರಕರಣವಾಗಬೇಕು, 10,000 ರೂಪಾಯಿವರೆಗೆ ದಂಡವಿದೆ. ಎರಡರಲ್ಲಿ ಒಂದು ಆಗಲೇಬೇಕು. ಪೇಜ್ ನಡೆಸುವವರಿಗೆ ಒಂದು ನೋಟಿಸ್, ಅಭ್ಯರ್ಥಿಗೆ ಒಂದು ನೋಟಿಸ್ ಹೋದರೆ ಯಾರದ್ದು ಎಂದು ಇಬ್ಬರಲ್ಲಿ ಒಬ್ಬರು ಹೇಳಲೇಬೇಕಾಗುತ್ತದೆ.

ಆ ಪೇಜ್‌ಗಳ ಜಾತಕ ನೋಡುವುದೂ ಕಷ್ಟವಲ್ಲ. ಫೇಸ್‌ಬುಕ್‌ನಲ್ಲಿ ಪೇಜ್‌ನ ಪಾರದರ್ಶಕತೆ ವಿಭಾಗ ತೆರೆದರೆ ಅದು ಹುಟ್ಟಿದ ದಿನ, ಹಿಂದೆ ಇದ್ದ ಹೆಸರುಗಳು, ನಡೆಸುವವರು ಯಾವ ದೇಶದಲ್ಲಿದ್ದಾರೆ ಎಂಬುದು ಕಾಣುತ್ತದೆ. ಹಾಸ್ಯದ ತುಣುಕು, ಜಾನಪದ ಹಾಡು, ಊರ ಜಾತ್ರೆಯ ಫೋಟೊ ಹಾಕಿ ಜನರನ್ನು ಸೇರಿಸಿಕೊಂಡ ಪೇಜ್ ಚುನಾವಣೆ ಹತ್ತಿರ ಬಂದಾಗ ಹೆಸರು ಬದಲಿಸಿ ಒಬ್ಬ ನಾಯಕನ ಪೇಜ್ ಆಗಿಬಿಟ್ಟಿದ್ದರೆ ಅಲ್ಲಿ ಗೊತ್ತಾಗುತ್ತದೆ. ದೂರು ಕೊಡುವಾಗ ಪೇಜ್‌ನ ಹೆಸರು ಬರೆದರೆ ಸಾಲದು, ವಿಳಾಸದ ಕೊಂಡಿ ಬೇಕು ಎನ್ನುವುದು ಇದಕ್ಕೇ. ಹೆಸರು ಮರುದಿನ ಬೇರೆಯಾಗಬಹುದು.

ವಾಟ್ಸ್‌ಆ್ಯಪ್‌ನ ಕತೆ ಬೇರೆ. ಅಲ್ಲಿನ ಸಂದೇಶ ಕಳಿಸಿದವರಿಗೂ ಪಡೆದವರಿಗೂ ಬಿಟ್ಟು ಉಳಿದವರಿಗೆ ಕಾಣುವುದಿಲ್ಲ. ಹಬ್ಬುವುದನ್ನು ತಡೆಯಲು ಕಂಪನಿ 2018ರ ಜುಲೈನಲ್ಲಿ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈ ಬದಲಿಸಿ ಎರಡು ಬಾಣದ ಗುರುತು ಬಿದ್ದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸುವಂತೆ ಬಿಗಿ ಮಾಡಿತು. ಪ್ರಚಾರ ನಡೆಸುವವರಿಗೆ ಇದನ್ನು ದಾಟುವುದು ಗೊತ್ತು. ವಿಡಿಯೊವನ್ನು ಗ್ಯಾಲರಿಗೆ ಇಳಿಸಿಕೊಂಡು ಹೊಸದಾಗಿ ಕಳಿಸಿದರೆ ಬಾಣದ ಗುರುತು ಹೋಗುತ್ತದೆ, ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಹಾಗಾಗಿ 'ಫಾರ್ವರ್ಡ್' ಎಂಬ ಗುರುತು ಇಲ್ಲದ ಮಾತ್ರಕ್ಕೆ ಕಳಿಸಿದವನೇ ಮಾಡಿದ್ದು ಎನ್ನಲಾಗದು. ಗುಂಪಿನ ಅಡ್ಮಿನ್‌ಗಳನ್ನು ಠಾಣೆಗೆ ಕರೆದು ಗದರಿಸುವುದರಿಂದಲೂ ಮೂಲ ಸಿಗುವುದಿಲ್ಲ. ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಗಾರನಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಅದಕ್ಕೇ ನಾವು ಹೇಳುವುದು, ಹಿಂದಿನಿಂದ ಹುಡುಕುವುದಕ್ಕಿಂತ ತಯಾರಾಗುವ ಜಾಗದಲ್ಲೇ ಹೆಸರು ಬರೆಸಿ.

ಸುಳ್ಳು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದೇ ಒಂದು ಸಂದೇಶವನ್ನು ಬಿಡಿಸಿ ತೋರಿಸುತ್ತೇವೆ. ಚುನಾವಣೆ ಬಂದಾಗಲೆಲ್ಲ ತಿರುಗುವ ಸಂದೇಶ ಅದು, ತಾವೂ ನೋಡಿರುತ್ತೀರಿ. ಅದು ಹೇಳುವುದು ಹೀಗೆ: ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ಕಾರ್ಡ್ ತೋರಿಸಿ, ಕಲಂ 49ಎ ಪ್ರಕಾರ 'ಚಾಲೆಂಜ್ ವೋಟ್' ಕೇಳಿ ಮತ ಹಾಕಿರಿ. ನಿಮ್ಮ ಮತ ಬೇರೆಯವರು ಹಾಕಿದ್ದರೆ 'ಟೆಂಡರ್ ವೋಟ್' ಕೇಳಿರಿ. ಒಂದು ಮತಗಟ್ಟೆಯಲ್ಲಿ ಟೆಂಡರ್ ವೋಟ್ ಶೇ 14 ದಾಟಿದರೆ ಮರುಮತದಾನ ಆಗುತ್ತದೆ. ಕೊನೆಗೆ, ಇದನ್ನು ಎಲ್ಲರಿಗೂ ಕಳಿಸಿರಿ.

ಕಲಂ, ಸಂಖ್ಯೆ, ಶೇಕಡಾ ಎಲ್ಲ ಇರುವುದರಿಂದ ಓದಿದವರು ನಂಬುತ್ತಾರೆ. ಚುನಾವಣಾ ನಿರ್ವಹಣಾ ನಿಯಮಗಳಲ್ಲಿ 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವ ಕಾರ್ಡ್ ತೋರಿಸಿದರೂ ಮತವಿಲ್ಲ. ಚಾಲೆಂಜ್ ಎಂಬುದು ಮತದಾರ ಕೇಳುವಂಥದ್ದೇ ಅಲ್ಲ. ಬಂದವನು ಅವನಲ್ಲ ಎಂದು ಮತಗಟ್ಟೆಯಲ್ಲಿ ಕುಳಿತ ಏಜೆಂಟ್ 2 ರೂಪಾಯಿ ಕಟ್ಟಿ ತಕರಾರು ತೆಗೆಯುವುದು ಅದು. ಟೆಂಡರ್ ಮತ ಮಾತ್ರ ನಿಜ, ನಿಯಮ 49ಪಿ. ಅದನ್ನು ಯಂತ್ರದಲ್ಲಿ ಅಲ್ಲ, ಕಾಗದದ ಮತಪತ್ರದಲ್ಲಿ ಹಾಕಿಸಿ ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಶೇ 14 ಎಂಬ ನಿಯಮ ಎಲ್ಲೂ ಇಲ್ಲ. ಹೀಗೆ ಅರ್ಧ ನಿಜ, ಅರ್ಧ ಸುಳ್ಳು ಕಲಸಿದ್ದರ ಪರಿಣಾಮ ಮತಗಟ್ಟೆಯ ಬಾಗಿಲಲ್ಲಿ ಕಾಣುತ್ತದೆ. ಹೊಲದ ಕೆಲಸ ಬಿಟ್ಟು, ಬಿಸಿಲಲ್ಲಿ ಸಾಲು ನಿಂತು ಬಂದವರು "ಮೊಬೈಲ್‌ನ್ಯಾಗ ಐತಿ, ನೀವ್ಯಾಕ ಕೊಡವಲ್ರಿ" ಎಂದು ಸಿಬ್ಬಂದಿಯೊಂದಿಗೆ ಜಗಳಕ್ಕೆ ಬೀಳುತ್ತಾರೆ. ಸಾಲು ನಿಲ್ಲುತ್ತದೆ. ಹಿಂದೆ ನಿಂತ ವಯಸ್ಸಾದವರು ಮನೆಗೆ ಹೋಗಿಬಿಡುತ್ತಾರೆ. ಅಭ್ಯರ್ಥಿಯ ಹೆಸರೇ ಇಲ್ಲದ ಸಂದೇಶ ಮತದಾನವನ್ನೇ ಕೆಡಿಸುತ್ತದೆ.

ಇದಕ್ಕೆ ತಡೆ ತಮ್ಮ ಬಳಿಯೇ ಇದೆ. ಪ್ರತಿ ಮತಗಟ್ಟೆಗೆ ಮತದಾರರ ಪಟ್ಟಿ ನೋಡಿಕೊಳ್ಳುವ ಒಬ್ಬ ಬಿಎಲ್‌ಒ ಇದ್ದಾರೆ, ಅವರು ಊರಿನವರಿಗೆ ಗೊತ್ತಿರುವ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮಾಸ್ತರರೋ ಆಗಿರುತ್ತಾರೆ. ಮತದಾನಕ್ಕೆ ಒಂದು ವಾರ ಮೊದಲು ಅವರ ಧ್ವನಿಯಲ್ಲೇ ಒಂದು ನಿಮಿಷದ ತಿಳಿವಳಿಕೆ ಆಡಿಯೊ ಊರಿನ ಗುಂಪುಗಳಿಗೆ ಹೋಗಲಿ: ಹೆಸರು ಪಟ್ಟಿಯಲ್ಲಿದೆಯೇ ಎಂದು 1950ಕ್ಕೆ ಕರೆ ಮಾಡಿ ಈಗಲೇ ನೋಡಿಕೊಳ್ಳಿ, ಮತದಾನದ ದಿನ ಸೇರಿಸಲು ಬರುವುದಿಲ್ಲ. ಬೆಂಗಳೂರಿನಿಂದ ಬಂದ ಚಂದದ ಪೋಸ್ಟರಿಗಿಂತ ಊರ ಅಕ್ಕೋರ ದನಿಯನ್ನು ನಮ್ಮ ಕಡೆ ಜನ ಹೆಚ್ಚು ನಂಬುತ್ತಾರೆ.

ದೂರು ಕೊಡುವ ದಾರಿಯ ಬಗ್ಗೆ ಹೇಳದಿದ್ದರೆ ಆಗದು. ಚುನಾವಣಾ ನಿಯಮ ಮುರಿದದ್ದನ್ನು ಆಯೋಗಕ್ಕೆ ತಿಳಿಸುವ ಸಿ-ವಿಜಿಲ್ ಆ್ಯಪ್ ಒಳ್ಳೆಯದು. ಐದು ನಿಮಿಷದಲ್ಲಿ ತಂಡಕ್ಕೆ ಹಂಚಿಕೆ, ಹದಿನೈದು ನಿಮಿಷದಲ್ಲಿ ಸ್ಥಳಕ್ಕೆ, ಅರ್ಧ ಗಂಟೆಯಲ್ಲಿ ಪರಿಶೀಲನೆ, ಐವತ್ತು ನಿಮಿಷದಲ್ಲಿ ತೀರ್ಮಾನ, ಒಟ್ಟು 100 ನಿಮಿಷ. ಆದರೆ ಅದನ್ನು ಕಟ್ಟಿದ್ದು ಬೀದಿಗಾಗಿ. ಆ್ಯಪ್‌ನ ಕ್ಯಾಮೆರಾದಲ್ಲೇ ಆಗಲೇ ತೆಗೆದ ಫೋಟೊ, ಎರಡು ನಿಮಿಷದವರೆಗಿನ ವಿಡಿಯೊ ಮಾತ್ರ ಹೋಗುತ್ತದೆ, ಜೊತೆಗೆ ನಿಂತ ಜಾಗದ ಗುರುತು ಹೋಗುತ್ತದೆ. ಫೋನಿನ ಗ್ಯಾಲರಿಯಲ್ಲಿರುವುದನ್ನು ಅದು ತೆಗೆದುಕೊಳ್ಳುವುದಿಲ್ಲ. ಹಳೆಯ ಫೋಟೊ ಹಾಕಿ ಸುಳ್ಳು ದೂರು ಕೊಡಬಾರದೆಂದು ಮಾಡಿದ ವ್ಯವಸ್ಥೆ ಅದು, ತಪ್ಪಲ್ಲ. ಆದರೆ ಫೋನಿನೊಳಗೇ ಬಂದ ವಿಡಿಯೊ ಬಗ್ಗೆ ದೂರು ಕೊಡಬೇಕಾದವನು ಮತ್ತೊಂದು ಫೋನ್ ಹಿಡಿದು ಮೊದಲ ಫೋನಿನ ಫೋಟೊ ತೆಗೆಯಬೇಕು. ಆಗ ಫ್ಲೈಯಿಂಗ್ ಸ್ಕ್ವಾಡ್ ಬರುವುದು ದೂರುದಾರನ ಮನೆ ಬಾಗಿಲಿಗೆ. ವಿಡಿಯೊ ಹಾಕಿದವನು ಎಲ್ಲೋ ಇರುತ್ತಾನೆ.

ಎಲ್ಲೋ ಎಂದರೆ ನಿಜವಾಗಿ ಎಲ್ಲೋ. ನಮ್ಮ ಮೂರು ಜಿಲ್ಲೆಗಳ ಗಡಿ ಮತ್ತು ಕ್ಷೇತ್ರದ ಗಡಿ ಒಂದಲ್ಲ. ಶಿಗ್ಗಾವಿ ಹಾವೇರಿ ಜಿಲ್ಲೆಯದ್ದು, ಲೋಕಸಭೆಗೆ ಮಾತ್ರ ಧಾರವಾಡ ಕ್ಷೇತ್ರ. ಗದಗ, ರೋಣ, ಶಿರಹಟ್ಟಿ ಹಾವೇರಿ ಕ್ಷೇತ್ರಕ್ಕೆ ಸೇರುತ್ತವೆ, ಅದೇ ಗದಗ ಜಿಲ್ಲೆಯ ನರಗುಂದ ಬಾಗಲಕೋಟೆ ಕ್ಷೇತ್ರಕ್ಕೆ ಸೇರುತ್ತದೆ. ಶಿಗ್ಗಾವಿಯವನ ಫೋನಿಗೆ ಬಂದ ಸುಳ್ಳನ್ನು ಹಾವೇರಿಗೆ ಹೇಳಬೇಕೋ ಧಾರವಾಡಕ್ಕೆ ಹೇಳಬೇಕೋ? ಎರಡು ಕಡೆ ತಿರುಗಿಸುವಷ್ಟರಲ್ಲಿ ಮತದಾನ ಮುಗಿದಿರುತ್ತದೆ. ಮೂರೂ ಜಿಲ್ಲೆಗೆ ಸೇರಿ ಒಂದೇ ದೂರವಾಣಿ ಸಂಖ್ಯೆ, ಒಂದೇ ಅರ್ಜಿ ನಮೂನೆ ಸಾಕು. ಯಾವ ಕ್ಷೇತ್ರಕ್ಕೆ ಸೇರಿದ್ದು ಎಂದು ವಿಂಗಡಿಸುವುದು ಕಚೇರಿಯ ಕೆಲಸವಾಗಲಿ, ಮತದಾರನದ್ದಲ್ಲ.

ಆ ನಮೂನೆ ಏನನ್ನು ಕೇಳಬೇಕು ಎಂಬುದೂ ಮುಖ್ಯ, ಬಹಳಷ್ಟು ದೂರುಗಳು ಬೀಳುವುದು ಇಲ್ಲೇ. ಕತ್ತರಿಸಿದ ಸ್ಕ್ರೀನ್‌ಶಾಟ್ ಸಾಕ್ಷಿಗೆ ನಿಲ್ಲುವುದು ಕಷ್ಟ. ಕಳಿಸಿದವರ ಸಂಖ್ಯೆ, ಗುಂಪಿನ ಹೆಸರು, ದಿನಾಂಕ, ಸಮಯ ಕಾಣುವಂತೆ ಪೂರ್ತಿ ಪರದೆ ಬೇಕು. ಸ್ಟೇಟಸ್ ಮತ್ತು ಸ್ಟೋರಿ 24 ಗಂಟೆಗೆ ಮಾಯವಾಗುತ್ತವೆ, ಕಂಡ ತಕ್ಷಣ ಸ್ಕ್ರೀನ್ ರೆಕಾರ್ಡ್ ಮಾಡಬೇಕು. ವಿಡಿಯೊವನ್ನು ಅಧಿಕಾರಿಗೆ ಕಳಿಸುವಾಗ ಸಾದಾ ವಿಡಿಯೊ ಆಗಿ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸಿ ಕಡತವನ್ನೇ ಬದಲಿಸುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ. ಮೂಲ ಸಂದೇಶವನ್ನು ಫೋನಿನಿಂದ ಅಳಿಸಬಾರದು. ಮುಂದೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆ, ಅಂದರೆ ಕಡತದ ಒಳಗಿನದ್ದರಿಂದಲೇ ಲೆಕ್ಕ ಹಾಕಿದ ಗುರುತು, ಕೇಳುತ್ತದೆ. ಕಡತ ಬದಲಾದರೆ ಆ ಸಂಖ್ಯೆಯೂ ಬದಲಾಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಆದರೆ ಆ ಒಂದು ಪೋಸ್ಟ್‌ನ ಕೊಂಡಿ ಬೇಕೇ ಬೇಕು, ಅದಿಲ್ಲದೆ ತೆಗೆದುಹಾಕಿ ಎಂಬ ಆದೇಶ ಕಂಪನಿಗೆ ಹೋದರೂ ಹಿಂದಕ್ಕೆ ಬರುತ್ತದೆ. ಇಷ್ಟನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು ಪ್ರತಿ ಪಂಚಾಯ್ತಿ ಕಟ್ಟೆಗೆ ಅಂಟಿಸಿದರೆ ತಮ್ಮ ಸಿಬ್ಬಂದಿಯ ಎಷ್ಟೋ ಹೊತ್ತು ಉಳಿಯುತ್ತದೆ.

ಕೊನೆಯ 48 ಗಂಟೆಯ ಬಗ್ಗೆ ವಿಶೇಷ ಕಳಕಳಿ ಇದೆ. 2024ರ ಲೋಕಸಭೆ ಚುನಾವಣೆಯಲ್ಲಿ ಧಾರವಾಡ, ಹಾವೇರಿ ಕ್ಷೇತ್ರಗಳಿಗೆ ಮೇ 7ರಂದು ಮತದಾನ ಇತ್ತು. ಮೇ 5ರ ಸಂಜೆ 6ಕ್ಕೆ ಬಹಿರಂಗ ಪ್ರಚಾರ ನಿಂತಿತು, ಮೈಕು ಇಳಿದವು, ಹೊರಗಿನವರು ಕ್ಷೇತ್ರ ಬಿಟ್ಟರು. ಆದರೆ ದೇಶದಲ್ಲಿ ಮತದಾನ ಏಳು ಹಂತದಲ್ಲಿದ್ದುದರಿಂದ ಬೇರೆ ಕಡೆಯ ಭಾಷಣ ಇಲ್ಲಿನ ಫೋನಿನಲ್ಲಿ ನೇರ ಬರುತ್ತಲೇ ಇತ್ತು. ಈ ಎರಡು ರಾತ್ರಿಗಳಲ್ಲಿ ಬರುವ ಸುಳ್ಳಿಗೆ ಉತ್ತರ ಕೊಡಲು ಅಭ್ಯರ್ಥಿಗೂ ಸಮಯವಿಲ್ಲ, ಮತದಾರನಿಗೂ ವಿಚಾರಿಸಲು ಸಮಯವಿಲ್ಲ. 2019ರ ಮಾರ್ಚ್‌ನಲ್ಲಿ ಸಾಮಾಜಿಕ ಜಾಲತಾಣದ ಕಂಪನಿಗಳು ಒಪ್ಪಿದ ಸಂಹಿತೆಯಂತೆ, ಈ ಅವಧಿಯ ಉಲ್ಲಂಘನೆ ಬಗ್ಗೆ ಆಯೋಗ ತಿಳಿಸಿದರೆ ಮೂರು ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. 2024ರ ಮೇ 6ರಂದು ಪಕ್ಷಗಳಿಗೂ ಅದೇ ಮೂರು ಗಂಟೆಯ ಗಡುವು ಕೊಡಲಾಯಿತು. ಆದರೆ ಆ ಮೂರು ಗಂಟೆ ಶುರುವಾಗುವುದು ದೂರು ಮೇಲಿನವರೆಗೆ ಮುಟ್ಟಿದ ಮೇಲೆ. ರಾತ್ರಿ 11ಕ್ಕೆ ಬಂದ ದೂರನ್ನು ಬೆಳಿಗ್ಗೆ 10ಕ್ಕೆ ತೆರೆದರೆ ಗಡುವಿಗೆ ಅರ್ಥವಿಲ್ಲ. ಆ 48 ಗಂಟೆ ಮೂರು ಪಾಳಿಯಲ್ಲಿ ಸಿಬ್ಬಂದಿ ಕೂರಲಿ. ಅವರಲ್ಲಿ ದಖನಿ ಉರ್ದು, ಲಂಬಾಣಿ, ಮರಾಠಿ ಬಲ್ಲವರೂ ಇರಲಿ. ನಮ್ಮ ಕಡೆಯ ಚುಚ್ಚುಮಾತು, ಒಂದು ಜಾತಿಯನ್ನು ಹೆಸರಿಡದೇ ಕೆಣಕುವ ಮಾತು ಹೊರಗಿನವರಿಗೂ ಯಂತ್ರಕ್ಕೂ ತಿಳಿಯುವುದಿಲ್ಲ.

ಹೊತ್ತು ಎಷ್ಟು ಬೆಲೆಯುಳ್ಳದ್ದು ಎಂದು ಹುಬ್ಬಳ್ಳಿಗೆ ಯಾರೂ ಹೇಳಿಕೊಡಬೇಕಿಲ್ಲ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಕಲ್ಲು ತೂರಾಟ ನಡೆದು, ಪೊಲೀಸರು ಗಾಯಗೊಂಡು, ನಿಷೇಧಾಜ್ಞೆ ಹೇರಬೇಕಾದದ್ದು ಒಂದು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದ ತಿದ್ದಿದ ಚಿತ್ರದಿಂದ. ಆಗ ಚುನಾವಣೆಯೂ ಇರಲಿಲ್ಲ.

ಈಗ ಎಐ ಬಂದ ಮೇಲೆ ಧ್ವನಿಯನ್ನೇ ಹುಟ್ಟಿಸಬಹುದು. 2025ರ ಅಕ್ಟೋಬರ್‌ನಲ್ಲಿ ಆಯೋಗ ಪಕ್ಷಗಳಿಗೆ ಕೊಟ್ಟ ಸೂಚನೆಯಂತೆ, ಎಐ ಬಳಸಿ ಮಾಡಿದ ಚಿತ್ರದ ಮೇಲೆ ಕನಿಷ್ಠ ಶೇ 10ರಷ್ಟು ಜಾಗದಲ್ಲಿ, ಧ್ವನಿಯಾದರೆ ಮೊದಲ ಶೇ 10ರಷ್ಟು ಅವಧಿಯಲ್ಲಿ ಅದನ್ನು ಹೇಳಬೇಕು, ಮಾಡಿಸಿದವರ ಹೆಸರನ್ನೂ ಕೊಡಬೇಕು. ನಾವು ಕೇಳುತ್ತಿರುವ ಸಾಲು ಇದೇ. ಎಐ ಇರಲಿ ಬಿಡಲಿ, ಪ್ರಚಾರದ ಪ್ರತಿ ಪೋಸ್ಟರಿಗೆ, ಪ್ರತಿ ವಿಡಿಯೊಗೆ ಅದು ಬರಲಿ. ನಮ್ಮ ಕಡೆ ಹೆಚ್ಚು ತಿರುಗುವುದು ಎಐ ವಿಡಿಯೊಗಿಂತ, ಬೇರೆ ಊರಿನ, ಬೇರೆ ವರ್ಷದ ನಿಜವಾದ ವಿಡಿಯೊಗೆ ಹೊಸ ಶೀರ್ಷಿಕೆ ಹಚ್ಚಿದ್ದು.

ಆ ಸಾಲು ಹೇಗಿರಬೇಕು ಎಂಬುದನ್ನೂ ಹೇಳುತ್ತೇವೆ. ಮೊಬೈಲ್ ಪೋಸ್ಟರಿನ ಸಾಮಾನ್ಯ ಅಳತೆ 1080ಕ್ಕೆ 1080 ಪಿಕ್ಸೆಲ್. ತಳದಲ್ಲಿ 60 ಪಿಕ್ಸೆಲ್‌ನ ಪಟ್ಟಿ, ಅದರಲ್ಲಿ 24 ಪಿಕ್ಸೆಲ್‌ಗಿಂತ ಸಣ್ಣದಲ್ಲದ ಅಕ್ಷರ. ಅದಕ್ಕಿಂತ ಚಿಕ್ಕದಾದರೆ ನಾಲ್ಕು ಸಲ ಗ್ಯಾಲರಿಗೆ ಇಳಿಸಿ ಮತ್ತೆ ಕಳಿಸುವಷ್ಟರಲ್ಲಿ ಕನ್ನಡದ ಒತ್ತಕ್ಷರ ಒಡೆದು ಓದಲು ಬಾರದಂತಾಗುತ್ತದೆ. 'ಪ್ರಕಟಣೆ' ಎಂದು ಮಾಡಿಸಿದವರ ಹೆಸರು, ಊರು, 'ವಿನ್ಯಾಸ' ಎಂದು ಮಾಡಿದವರ ಹೆಸರು, ದಿನಾಂಕ, ಜಾಹೀರಾತಾದರೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪ್ರಮಾಣಪತ್ರ ಸಂಖ್ಯೆ. ಇದು ಚಿತ್ರದೊಳಗೇ ಇರಬೇಕು. ಚಿತ್ರದ ಕೆಳಗೆ ಟೈಪ್ ಮಾಡಿದ ಬರಹ ಗ್ಯಾಲರಿಗೆ ಇಳಿಸಿ ಮತ್ತೆ ಕಳಿಸುವಾಗ ಉದುರಿಹೋಗುತ್ತದೆ. ವಿಡಿಯೊ ಆದರೆ ಉದ್ದಕ್ಕೂ ಒಂದು ಮೂಲೆಯಲ್ಲಿ ಇರಲಿ. ಮೊದಲ ಮೂರು ಸೆಕೆಂಡಿಗಷ್ಟೇ ಇಟ್ಟರೆ ಅಷ್ಟನ್ನೇ ಕತ್ತರಿಸಿ ಬಿಡುತ್ತಾರೆ. ನಾಮಪತ್ರದ ಜೊತೆಯಲ್ಲೇ ಅಭ್ಯರ್ಥಿಗಳಿಂದ ಇದಕ್ಕೊಂದು ಮುಚ್ಚಳಿಕೆ ಬರೆಸಿಕೊಳ್ಳಿ. ಸಾಲು ಇಲ್ಲದ ಪೋಸ್ಟರ್ ನಮ್ಮದಲ್ಲ ಎಂದು ಅವರೇ ಜನರಿಗೆ ಹೇಳುವಂತಾದರೆ, ಅನಾಮಧೇಯ ಪೋಸ್ಟರ್ ಕಂಡವನಿಗೆ ಅನುಮಾನ ತಾನಾಗಿ ಬರುತ್ತದೆ.

ನಮೂನೆ 26ರಲ್ಲಿ ಘೋಷಿಸಿದ ಖಾತೆಗಳ ಪಟ್ಟಿಯನ್ನು ಕ್ಷೇತ್ರವಾರು ಒಂದೇ ಪುಟದಲ್ಲಿ ಜಿಲ್ಲಾ ಜಾಲತಾಣದಲ್ಲಿ ಹಾಕಿ. ಸಮಿತಿ ಅನುಮತಿ ಕೊಟ್ಟ ಮತ್ತು ನಿರಾಕರಿಸಿದ ಜಾಹೀರಾತುಗಳ ಪಟ್ಟಿ ದಿನಾ ಸಂಜೆ ಅಲ್ಲೇ ಬರಲಿ. ಸಮಿತಿಯಲ್ಲಿ ಸಾಮಾಜಿಕ ಜಾಲತಾಣ ಬಲ್ಲ ಸದಸ್ಯರು ಇರಬೇಕೆಂದು ಆಯೋಗ 2019ರಲ್ಲೇ ಹೇಳಿದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಆ ಸದಸ್ಯರು ಯಾರು ಎಂಬುದು ಜನರಿಗೆ ತಿಳಿಯಲಿ.

ಜಿಲ್ಲಾ, ತಾಲ್ಲೂಕು ಪಂಚಾಯ್ತಿ, ಗ್ರಾಮ ಪಂಚಾಯ್ತಿ ಚುನಾವಣೆಗಳು ರಾಜ್ಯ ಚುನಾವಣಾ ಆಯೋಗದ ವ್ಯಾಪ್ತಿಯವು. ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆಯೂ ಇಲ್ಲ, ಸೋಲು ಗೆಲುವು ಬೆರಳೆಣಿಕೆ ಮತದಲ್ಲಿ ತೀರ್ಮಾನವಾಗುವುದುಂಟು. ಊರಿನ ಒಂದೇ ಗುಂಪಿನಲ್ಲಿ ಬಂದ ಒಂದು ಆಡಿಯೊ ಅಷ್ಟಕ್ಕೆ ಸಾಕು. ಚುನಾವಣೆ ಮುಗಿದ ಮೇಲೂ ಆ ಇಬ್ಬರು ಒಂದೇ ಓಣಿಯಲ್ಲಿ ಬಾಳಬೇಕು. ಆದ್ದರಿಂದ ಇಲ್ಲಿ ಕೇಳಿದ್ದೆಲ್ಲ ಆ ಚುನಾವಣೆಗಳಿಗೂ ಅನ್ವಯವಾಗುವಂತೆ ರಾಜ್ಯ ಆಯೋಗಕ್ಕೆ ತಾವು ಪತ್ರ ಬರೆಯಬೇಕೆಂದು ವಿನಂತಿ.

ಮುಂದಿನ ಸಲ ಚುನಾವಣೆ ಘೋಷಣೆಯಾದಾಗ ಪ್ರೆಸ್ ಮಾಲೀಕರ ಸಭೆಗೆ ಡಿಟಿಪಿ ಮಾಡುವವರನ್ನು, ರೀಲ್ ಕತ್ತರಿಸುವವರನ್ನು, ಡ್ರೋನ್ ಹಾರಿಸುವವರನ್ನು, ಸ್ಥಳೀಯ ಪೇಜ್ ನಡೆಸುವವರನ್ನೂ ಕರೆಯಿರಿ. ಡಿಜಿಟಲ್ ಕೆಲಸಗಳ ದರಪಟ್ಟಿಯ ಕರಡು, ಪೋಸ್ಟರಿನ ತಳದ ಪಟ್ಟಿಯ ಮಾದರಿ, ದೂರಿನ ನಮೂನೆ, ಈ ಮೂರನ್ನೂ ನಾವು ಸಿದ್ಧ ಮಾಡಿ ತರುತ್ತೇವೆ. ಸಭೆಯ ದಿನ ಗೊತ್ತಾದರೆ ಸಾಕು.

ಇಂತಿ ತಮ್ಮ ವಿಶ್ವಾಸಿಗಳು,
ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ ಮತ್ತು ಹಾವೇರಿಯ ಕೆಲವು ಮುದ್ರಕರು, ಡಿಟಿಪಿ ಕೆಲಸದವರು ಮತ್ತು ಮತದಾರರು

ಪ್ರತಿ: ಮುಖ್ಯ ಚುನಾವಣಾಧಿಕಾರಿಗಳು, ಕರ್ನಾಟಕ, ಬೆಂಗಳೂರು
ಪ್ರತಿ: ರಾಜ್ಯ ಚುನಾವಣಾ ಆಯೋಗ, ಬೆಂಗಳೂರು